ಹೊರದಂಡೆಯ ಬಡಗಿಯಿಂದ ನದಿಗೆ

ಮಾನ್ಯರೇ,

ಬೆಟ್ಟದಿಂದ ಕಡಲಿನವರೆಗೆ ಒಂದು ದಿನವೂ ರಜೆ ಹಾಕದೆ ದುಡಿಯುವ ತಮ್ಮ ಸನ್ನಿಧಿಗೆ, ತಿರುವಿನ ಹೊರದಂಡೆಯಲ್ಲಿ ಸದ್ಯಕ್ಕೆ ಇನ್ನೂ ವಾಸವಾಗಿರುವ ಬಡಗಿಯ ಸವಿನಯ ನಮಸ್ಕಾರಗಳು.

ಇಪ್ಪತ್ತೆರಡು ವರ್ಷಗಳ ಹಿಂದೆ ನಾನೂ ನನ್ನ ತಮ್ಮನೂ ಪಾಲಾದಾಗ, ಮುಂದೆ ಜಗಳವೇ ಬೇಡವೆಂದು ನದಿಯೇ ಗಡಿ ಎಂದು ಪಾಲುಪತ್ರದಲ್ಲಿ ಬರೆಸಿದೆವು. ಹಿರಿಯನಾದ ನಾನು ಎತ್ತರದ ಈ ದಂಡೆಯನ್ನು ಆರಿಸಿಕೊಂಡು, ತಿರುವಿನ ಒಳಮಗ್ಗುಲಿನ ಜೌಗನ್ನು ಅವನ ತಲೆಗೆ ಕಟ್ಟಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತಿರುವಿನಲ್ಲಿ ತಾವು ಹೊರಗಡೆ ಓಡುತ್ತೀರಿ, ಒಳಗಡೆ ಸೋಮಾರಿಯಾಗುತ್ತೀರಿ ಎಂಬುದು ಆ ಪತ್ರದಲ್ಲಿ ಎಲ್ಲೂ ಇರಲಿಲ್ಲ.

ಮೂವತ್ತು ವರ್ಷ ಉಳಿ ಹಿಡಿದವನಾಗಿ ತಮ್ಮ ಕೈಚಳಕಕ್ಕೆ ತಲೆಬಾಗುತ್ತೇನೆ. ದಂಡೆಯ ಬುಡವನ್ನು ಸದ್ದಿಲ್ಲದೆ ಕೊರೆದು, ಮೇಲಿನದು ತಾನಾಗಿ ಕುಸಿಯುವವರೆಗೆ ಕಾಯುವ ತಾಳ್ಮೆ ನನಗೆ ಯಾವ ಹಲಗೆಯ ಮೇಲೂ ಬರಲಿಲ್ಲ. ಕೊಟ್ಟಿಗೆ ಹೋಯಿತು, ದಿಮ್ಮಿ ಒಟ್ಟುತ್ತಿದ್ದ ಅಂಗಳ ಹೋಯಿತು. ಈಗ ಅಡುಗೆಮನೆಯ ಗೋಡೆಗೂ ತಮಗೂ ನಡುವೆ ಒಂಬತ್ತು ಹೆಜ್ಜೆ, ನನ್ನ ಹೆಂಡತಿ ಅಳೆದರೆ ಏಳು. ಎದುರಿಗೆ ನನ್ನ ತಮ್ಮನ ಜೌಗಿನ ಮೇಲೆ ಮರಳು, ಮರಳಿನ ಮೇಲೆ ಮೆಕ್ಕಲು, ಮೆಕ್ಕಲಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ಅವನ ಹಸು. ಆ ಮೆಕ್ಕಲಿನಲ್ಲಿ ಮೇಲಿನ ಊರುಗಳ ಮಣ್ಣೂ ಇದೆಯೆಂದು ಶಾಲೆಯ ಮೇಷ್ಟ್ರು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ.

ಆದ್ದರಿಂದ ತಾವು ದಯಮಾಡಿ ಮುಂದಿನ ಇಪ್ಪತ್ತೆರಡು ವರ್ಷ ಆ ಕಡೆಗೆ ಬಾಗಬೇಕೆಂದೂ, ಅದಾಗದಿದ್ದರೆ ನೆಟ್ಟಗೆ ಹರಿಯಬೇಕೆಂದೂ (ಬೇಕಾದರೆ ನೂಲು ಹಿಡಿದು ಗೆರೆ ಹಾಕಿಕೊಡುತ್ತೇನೆ), ಅದೂ ಆಗದಿದ್ದರೆ ಹಿಂದಕ್ಕೆ ಹರಿದು, ಒಯ್ದದ್ದನ್ನೆಲ್ಲ ಒಯ್ದ ಜಾಗದಲ್ಲೇ ಇಡಬೇಕೆಂದೂ ಕೋರುತ್ತೇನೆ.

ಮೊನ್ನೆ ನನ್ನ ತಮ್ಮ, ಪಾಲಾದ ಮೇಲೆ ಮೊದಲ ಸಲ, ಆ ದಡದಿಂದ ಕೂಗಿದ: "ಅಣ್ಣಾ, ಗೋಡೆ ಬೀಳೋವರೆಗೂ ಕೂತಿರ್ತೀಯಾ? ಅತ್ತಿಗೇನ ಕರ್ಕೊಂಡು ಈ ಕಡೆ ಬಂದ್ಬಿಡು. ಇದೂ ನಿನ್ನ ಮಣ್ಣೇ ತಾನೇ!" ನನಗೆ ತುಂಬಾ ನಾಚಿಕೆಯಾಯಿತು. ಒಳಗೆ ಬಂದೆ. ಹೆಂಡತಿ ಆಗಲೇ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು.

ತಮ್ಮ ವಿಶ್ವಾಸಿ, ದಿನದಿನಕ್ಕೂ ಸವೆಯುತ್ತಿರುವ,
ಹೊರದಂಡೆಯ ಬಡಗಿ

ವಿ.ಸೂ.: ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೊರಟಿದ್ದೇನೆ, ತಾವೇ ಬಂದು ತೆಗೆದುಕೊಳ್ಳುವಿರಿ. ಉತ್ತರವೇನಾದರೂ ಇದ್ದರೆ ಎದುರು ದಡದ ನನ್ನ ತಮ್ಮನ ಮನೆಗೆ ತಲುಪಿಸಿ. ನನ್ನದನ್ನೆಲ್ಲ ಇಷ್ಟು ವರ್ಷ ತಾವು ಅಲ್ಲಿಗೇ ತಾನೇ ತಲುಪಿಸುತ್ತಿದ್ದದ್ದು.