ಕುಂಬಳಕಾಯಿಗೆ ಜ್ವರ ಬಂದ ಸಂಜೆ

ಪ್ರಾಣ ಹೋದರೂ ಸರಿ, ನಡೆಯಲು ಇನ್ನೊಂದರ ಆಸರೆ ಹಿಡಿಯುವವಳಲ್ಲ ನಾನು! ಹೀಗೆಂದು ಡಾಕ್ಟರ ಎದುರಿಗೇ ಘೋಷಿಸಿ ಬಂದಿದ್ದೆ. ನಾನು ನಿವೃತ್ತ ಡ್ರಿಲ್ ಟೀಚರ್. "ಬೆನ್ನು ನೆಟ್ಟಗೆ! ಎದೆ ಮುಂದಕ್ಕೆ!" ಎಂದು ಗದರಿಸಿ ಅರ್ಧ ಊರಿನ ಬೆನ್ನು ನೇರ ಮಾಡಿದವಳು. ಅಂಥವಳ ಮಂಡಿಯಲ್ಲಿ ಸಂಧಿವಾತ ಬಿಡಾರ ಹೂಡಿತ್ತು. ಒಂದು ದಿನ ಮೆಟ್ಟಿಲು ಹಾರುವ ಹುರುಪು, ಮರುದಿನ ಬಚ್ಚಲಮನೆಯೇ ಪರದೇಶ!

ಡಾಕ್ಟರು ಹೇಳಿದ ನಾಲ್ಕು ಚಕ್ರದ ವಾಕರನ್ನು ನನ್ನ ಗಂಡ ಅಂದೇ ತಂದರು. ಗಡಿಯಾರ ರಿಪೇರಿ ಮಾಡಿ ಬದುಕಿದ ಮನುಷ್ಯ. ಬ್ರೇಕು, ಬುಟ್ಟಿ ಎಲ್ಲ ಬಿಚ್ಚಿ ಜೋಡಿಸಿ, ಎಣ್ಣೆ ಬಿಟ್ಟು, "ಬಾರೇ, ಒಂದು ಸುತ್ತು ಹೊಡಿ" ಎಂದರು.

"ರೀ, ಅದರ ಮೇಲೆ ಬಟ್ಟೆ ಒಣಗಿಸಿ!" ಎಂದೆ. ಮಾತು ಮೀರದ ಪುಣ್ಯಾತ್ಮ, ಒಣಗಿಸಿಯೇಬಿಟ್ಟರು.

ಆದರೆ ಒಂದು ವಿಚಿತ್ರ ನೋಡಿ. ಸಂಜೆ ಮೊಮ್ಮಗಳು ಪುಟ್ಟಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿಗೆ ಹೊರಟರೆ ಇದೇ ಮಂಡಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ! ಯಾಕಿರಬಹುದು? ಪ್ರೀತಿಯೇ ಔಷಧಿ ಎಂದು ತೀರ್ಮಾನಿಸಿದೆ. ಅಷ್ಟರಲ್ಲಿ ಪುಟ್ಟಿ ನಡೆಯಲು ಕಲಿತಳು. ಗಾಡಿ ಕಂಡರೆ ಕಿರುಚಾಟ. ಅಜ್ಜನ ಬೆರಳು ಹಿಡಿದು ಆಕೆ ಪಾರ್ಕಿಗೆ, ನಾನು ಕಿಟಕಿಗೆ! ಸಂಕಟವಾಯಿತು, ಸುಳ್ಳೇಕೆ ಹೇಳಲಿ? ದಿನವಿಡೀ ನಾನು ಕಾಯುತ್ತಿದ್ದದ್ದು ಆ ಒಂದು ಸುತ್ತಿಗೆ.

ಒಂದು ಸಂಜೆ ಅವರಿಬ್ಬರೂ ಹೋದ ಮೇಲೆ ಖಾಲಿ ಗಾಡಿಯನ್ನು ನಡುಮನೆಯಲ್ಲಿ ತಳ್ಳಿ ನೋಡಿದೆ. ಮಂಡಿ ಗಪ್‌ಚುಪ್! ಅಂದರೆ ಗುಣ ಪ್ರೀತಿಯದಲ್ಲ, ಹಿಡಿಕೆಯದು! ಆದರೆ ಹಿಡಿಕೆಯ ಮೇಲೆ ಮೈಭಾರ ಬಿಟ್ಟೊಡನೆ ಖಾಲಿ ಗಾಡಿ ಮುಂಗಾಲೆತ್ತಿತು. ದಿಂಬು ಇಟ್ಟೆ, ಹಗುರ. ಪತ್ರಿಕೆಯ ಕಟ್ಟು ಇಟ್ಟೆ, ಜಾರಿತು. ಅಡುಗೆಮನೆಯ ಮೂಲೆಯಲ್ಲಿ ಕುಂಬಳಕಾಯಿ ಕೂತಿತ್ತು. ತೂಕವೂ ಸರಿ, ತಲೆಯೂ ಗುಂಡಗೆ! ಹೊದಿಕೆ ಹೊದಿಸಿ, ಪುಟ್ಟಿಯ ಉಣ್ಣೆ ಟೋಪಿ ಹಾಕಿ ಪಾರ್ಕಿನತ್ತ ಹೊರಟೆ.

ಎದುರುಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬರುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಏನೂ ಅನ್ನುವ ಮೊದಲೇ ಟೋಪಿ ಎಳೆದು ಮುಚ್ಚಿದೆ.

"ಟೀಚರ್, ಪುಟ್ಟಿ ಮುಖ ತೋರ್ಸಿ!"

"ಮಲಗಿದ್ದಾಳಮ್ಮ."

"ಒಂದೇ ಒಂದ್ಸಲ!"

"ಬೇಡ, ಜ್ವರ!"

ನರ್ಸಿಗೆ ಹೇಳುವ ಮಾತೇ ಇದು? ಆಕೆಯ ಕೈ ತಾನಾಗಿಯೇ ಟೋಪಿಯೊಳಗೆ ಹೋಯಿತು.

"ಅಯ್ಯೋ! ತಣ್ಣಗಾಗಿದೆ! ಕಲ್ಲಿನ ಹಾಗೆ ಗಟ್ಟಿ! ಯಾರಾದ್ರೂ ಆಂಬುಲೆನ್ಸ್ ಕರೀರಿ!"

"ಏನೂ ಆಗಿಲ್ಲ, ಅದು ಯಾವಾಗ್ಲೂ ಹಾಗೇ ಇರತ್ತೆ," ಎಂದೆ.

"ಪಾಪ, ಟೀಚರಿಗೆ ಶಾಕ್ ಆಗಿದೆ," ಎಂದು ಜನ ಸೇರಿದರು. ಇಸ್ತ್ರಿಯವನು ಬಂದ. ಸೈಕಲ್ ರಿಪೇರಿಯವನು ಪಂಪು ಹಿಡಿದೇ ಓಡಿಬಂದ, ಉಸಿರು ತುಂಬಲೋ ಏನೋ! ಗಲಾಟೆ ಕೇಳಿ ಪಾರ್ಕಿನಿಂದ ನನ್ನ ಗಂಡನೂ ಧಾವಿಸಿದರು. ಅವರ ಹೆಗಲ ಮೇಲಿಂದ "ಅಜ್ಜೀ!" ಎಂದು ಕೂಗಿದವಳು ಸಾಕ್ಷಾತ್ ಪುಟ್ಟಿ!

ಗಾಬರಿಯಲ್ಲಿ ನಾನು ಹಿಡಿಕೆಯ ಮೇಲೆ ಪೂರ್ತಿ ಭಾರ ಬಿಟ್ಟೆ. ಗಾಡಿ ಮಗುಚಿ, ಕುಂಬಳಕಾಯಿ ಟೋಪಿ ಸಮೇತ ಉರುಳಿತು. ಮಂಡಿ ಕುಸಿದು ನಾನು ಅದರ ಪಕ್ಕದಲ್ಲೇ ಕೂತೆ.

ಗಂಡ ಇಬ್ಬರನ್ನೂ ಕುತೂಹಲದಿಂದ ನೋಡಿದರು. "ವಾಕರ್ ಮನೇಲಿದ್ಯಲ್ಲೇ?"

"ಅದನ್ನ ಹಿಡಿದ್ರೆ ಜನ ನೋಡ್ತಾರೆ ಅಂತ..."

ಅವರು ಸುತ್ತ ನೆರೆದ ಬೀದಿಯತ್ತ ಕಣ್ಣಾಡಿಸಿದರು. "ಸದ್ಯ, ಈಗ ಯಾರೂ ನೋಡ್ಲಿಲ್ಲ ಬಿಡು."

ಮರುದಿನ ವಾಕರಿನ ಮೇಲಿದ್ದ ಬಟ್ಟೆ ತೆಗೆದೆ. ಹಿಡಿಕೆಯನ್ನು ಗಂಡ ನನ್ನ ಎತ್ತರಕ್ಕೆ ಯಾವತ್ತೋ ಹೊಂದಿಸಿಟ್ಟಿದ್ದರು. ನಾಲ್ಕು ಹೆಜ್ಜೆ ಹಾಕಿದೆ. ಅರೆ, ಬೆನ್ನು ನೆಟ್ಟಗೆ! ಗಾಡಿಯ ಮೇಲೆ ಬಾಗಿ ಬಾಗಿ ನಡೆದವಳಿಗೆ ಎಷ್ಟೋ ದಿನಗಳ ಮೇಲೆ ಬೀದಿ ಕೊನೆಯ ಮರದ ತುದಿ ಕಂಡಿತು. ಖುಷಿಗೆ ಕಣ್ಣು ತುಂಬಿತು. ಪುಟ್ಟಿಯ ಸ್ವೆಟರನ್ನು ಬುಟ್ಟಿಗೆ ಹಾಕಿಕೊಂಡು ಅವಳ ಹಿಂದೆಯೇ ಹೊರಟೆ.

ಎದುರಿಗೆ ನರ್ಸಮ್ಮ! ಇನ್ನು "ಅಯ್ಯೋ ಪಾಪ" ಕೇಳಬೇಕಲ್ಲ ಎಂದು ಎದೆ ಮುಂದಕ್ಕೆ ಮಾಡಿ ನಿಂತೆ. ಆಕೆ ನನ್ನ ಮಂಡಿಯನ್ನೂ ನೋಡಲಿಲ್ಲ, ವಾಕರನ್ನೂ ನೋಡಲಿಲ್ಲ. ಬಗ್ಗಿ, ಬುಟ್ಟಿಯಲ್ಲಿದ್ದ ಸ್ವೆಟರನ್ನು ಮೆಲ್ಲಗೆ ಸರಿಸಿ, ದನಿ ತಗ್ಗಿಸಿ ಕೇಳಿದರು:

"ಇವತ್ತು ಯಾರು ಮಲಗಿರೋದು ಟೀಚರ್? ಸೋರೆಕಾಯಾ?"