ಎದುರು ಪಾರ್ಟಿಯ ವಕಾಲತ್ತು

ಚೌಕಾಸಿ ಮಾಡುವುದನ್ನು ನಾನು ಯಾವ ಶಾಲೆಯಲ್ಲೂ ಕಲಿತವನಲ್ಲ. ವಿಜಾಪುರದ ಕಡೆಯಿಂದ ಒಂದು ಟ್ರಂಕು ಹಿಡಿದು ಬಾಂಬೆಯ ದಾದರ್ ಸ್ಟೇಷನ್ನಿನಲ್ಲಿ ಇಳಿದ ದಿನವೇ ಹಮಾಲನ ಜೊತೆ ಶುರುವಾದ ವಿದ್ಯೆ ಅದು. ಈಗ ಅದೇ ಸ್ಟೇಷನ್ನಿನ ಹೊರಗೆ ನನ್ನದೇ ಸ್ಟೀಲ್ ಪಾತ್ರೆ ಅಂಗಡಿ ಇದೆ. ಊರಿಂದ ಹೊಸದಾಗಿ ಬಂದವರಿಗೆ, ಅವರು ಕೇಳದಿದ್ದರೂ, ಬುದ್ಧಿ ಹೇಳಿಯೇ ಕಳಿಸುತ್ತೇನೆ: ಬೇಕಾದ ವಸ್ತುವನ್ನು ಕಟ್ಟಕಡೆಗೆ ಮುಟ್ಟಿರಿ, ಮುಟ್ಟುವಾಗ ಮುಖ ಹುಳ್ಳಗೆ ಮಾಡಿರಿ, ಮತ್ತು ಏನೇ ಆಗಲಿ ಎದುರು ಪಾರ್ಟಿಯ ಕಷ್ಟಸುಖಕ್ಕೆ ಕಿವಿ ಕೊಡಬೇಡಿ. ಕೊಟ್ಟಿರೋ, ವ್ಯಾಪಾರ ಕೆಟ್ಟಿತು. ಈ ಕೊನೆಯ ನಿಯಮವನ್ನು ನಾನು ಮುರಿದದ್ದು ಒಂದೇ ಸಲ. ಮುರಿದವನು ನಾನೂ ಅಲ್ಲ. ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನಲ್ಲಿ, ನಾವಿದ್ದ ಭಾಂಡುಪಿನ ಕನ್ನಡ ಶಾಲೆಯ ಮೂರನೇ ಇಯತ್ತೆಯ ಮಕ್ಕಳು ಸೇರಿ ಮುರಿಸಿದರು.

ನನ್ನ ಮಗಳು ಶಾರದಾ ಆ ಕ್ಲಾಸಿನಲ್ಲಿದ್ದಳು. ಕ್ಲಾಸೆಂದರೆ ನಮ್ಮ ಲೋಕಲ್ ಗಾಡಿಯ ಡಬ್ಬಿಯೇ: ಮಂಗಳೂರು ಕಡೆಯ ಹೋಟೆಲಿನವರ ಮಕ್ಕಳು, ಕಾರವಾರದ ಕ್ರೈಸ್ತರ ಮಕ್ಕಳು, ನಮ್ಮ ಕಡೆಯ ಗೌಂಡಿಗಳ ಮಕ್ಕಳು. ಒಬ್ಬೊಬ್ಬರದು ಒಂದೊಂದು ಕನ್ನಡ. ಶಾರದಾಳ ಬೆಂಚಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದವಳು ಖತೀಜಾ, ಬಾಗಲಕೋಟೆ ಕಡೆಯ ಪಿಂಜಾರ ಹುಸೇನಸಾಬನ ಮಗಳು. ಅವನು ದೊಡ್ಡ ಬಿಲ್ಲನ್ನು ಹೆಗಲಿಗೇರಿಸಿ, ಚಾಳಿನಿಂದ ಚಾಳಿಗೆ ಟಣ್ ಟಣ್ ಎನ್ನಿಸುತ್ತ ಹೋಗಿ, ಹಳೆ ಗಾದಿಗಳ ಹತ್ತಿ ಹಿಂಜಿಕೊಡುವವನು. ಆ ಹತ್ತಿಯ ಎಳೆ ಖತೀಜಾಳ ಜಡೆಯಲ್ಲಿ ಇದ್ದೇ ಇರುತ್ತಿತ್ತು. ಶಾಲೆ ಬಿಡುವ ಹೊತ್ತಿಗೆ ನನ್ನ ಮಗಳ ಜಡೆಗೂ ದಾಟಿರುತ್ತಿತ್ತು. ಒಂದು ಸಂಜೆ ಶಾರದಾ ಸೀನಿದಳು. ನನಗೆ ಅಷ್ಟು ನೆಪ ಸಾಕಾಯಿತು. ಮರುದಿನ ಬೆಂಚು ಬದಲಿಸಲು ನಾನೇ ಶಾಲೆಗೆ ಹೊರಟೆ. "ಆಕಿ ನನ್ನ ಗೆಳತಿ, ಅಪ್ಪಾ" ಎಂದು ಶಾರದಾ ದಾರಿಯುದ್ದಕ್ಕೂ ಅತ್ತಳು. "ಗೆಳತ್ಯಾರು ಬೆಂಚಿಗೊಬ್ರು ಸಿಗ್ತಾರ, ನಡಿ" ಎಂದೆ.

ಲೀಲಾ ಟೀಚರ್ ಕುಂದಾಪುರದವರು. ನಾನು ವ್ಯಾಪಾರದ ಪದ್ಧತಿಯಂತೆ ದೂರದಿಂದ ಬಂದೆ. ಶಾಲೆಯ ಶಿಸ್ತನ್ನು ಹೊಗಳಿದೆ, ನೀರಿನ ಹಂಡೆ ಸೋರುವುದನ್ನು ಗಮನಿಸಿದೆ, ಅಂಗಡಿಯಿಂದ ಹೊಸದೊಂದನ್ನು ಕಳಿಸುತ್ತೇನೆಂದೆ. ಆಮೇಲೆ ಸೀನಿನ ವಿಚಾರ. ಕಟ್ಟಕಡೆಗೆ ಬೆಂಚು.

"ಹಂಡೆ ಕಳಿಸಿ, ಬೇಡ ಹೇಳುವುದಿಲ್ಲ" ಎಂದರು ಟೀಚರ್. "ಆದರೆ ಬೆಂಚು ನನ್ನ ಕೈಯಲ್ಲಿಲ್ಲ ಮಾರಾಯ್ರೆ. ನಮ್ಮ ಕ್ಲಾಸಿನಲ್ಲಿ ಒಂದು ಕ್ರಮ ಉಂಟು. ತಕರಾರು ಬಂದರೆ ಯಾರೂ ತಮ್ಮ ಪರ ಮಾತಾಡುವ ಹಾಗಿಲ್ಲ, ಎದುರು ಪಾರ್ಟಿಯ ಪರ ಮಾತಾಡಬೇಕು. ಅವರು 'ಹೌದು, ನನ್ನ ಮನಸ್ಸಿನಲ್ಲಿದ್ದದ್ದು ಇದೇ' ಅಂದ ಮೇಲೆ ತೀರ್ಮಾನ."

"ನಾ ದೊಡ್ಡಾಂವ ಅದೀನ್ರಿ, ಟೀಚರ್."

"ಬೆಂಚು ಮಕ್ಕಳದ್ದಲ್ಲವಾ?"

ಅಪ್ಪನಿಗೆ ಎದುರು ಪಾರ್ಟಿ ಅಪ್ಪನೇ ಎಂದು, ಹೀಗೆ ನಾನು ಕರಿಹಲಗೆಯ ಮುಂದೆ ಹುಸೇನಸಾಬನಾಗಿ ನಿಂತೆ; ಅವನ ಬದಲು ಹೌದು-ಅಲ್ಲ ಹೇಳುವವಳು ಖತೀಜಾ. ಎಷ್ಟೋ ಗಿರಾಕಿಗಳನ್ನು ಮಾತಿನಲ್ಲಿ ಕಟ್ಟಿಹಾಕಿದವನು, ಇದೇನು ಮಹಾ ಎಂದುಕೊಂಡೆ. ಧ್ವನಿ ನಡುಗಿಸಿ, "ನಾ ಬಡವ ಅದೀನ್ರೆಪ್ಪಾ, ಕೈ ಮುಗೀತೀನಿ..." ಎಂದು ರಾಗ ತೆಗೆದೆ. ಖತೀಜಾ ತಲೆಯಾಡಿಸಿಬಿಟ್ಟಳು. "ನಮ್ಮ ಅಬ್ಬಾ ಹಂಗ ಅಳೂದಿಲ್ರಿ." ಹಿಂದಿನ ಬೆಂಚಿನಿಂದ "ಇನ್ನೊಮ್ಮೆ, ಇನ್ನೊಮ್ಮೆ!" ಎಂದು ಕೂಗೆದ್ದಿತು. ಕಣ್ಣೊರೆಸಿಕೊಳ್ಳುತ್ತಿದ್ದ ನನ್ನ ಮಗಳೂ, "ಅಪ್ಪಾ, ಚಂದಂಗ ಹೇಳು" ಎಂದಳು. ಏನು ಹೇಳಲಿ ಎಂದು ಹುಡುಕುತ್ತಿದ್ದಾಗ, ಹಿಂದೊಮ್ಮೆ ನಮ್ಮ ಗಾದಿ ಹಿಂಜಿದ ದಿನ ಅವನ ಹುಬ್ಬಿನ ಮೇಲೆಲ್ಲ ಹತ್ತಿ ಕೂತಿದ್ದದ್ದು ನೆನಪಾಯಿತು. ಎಲ್ಲಿಂದ ಬಂತೋ, ಬಾಯಿಗೆ ಮಾತು ಬಂತು: "ನಾ ಹಿಂಜಿದ ಗಾದಿ ಮ್ಯಾಲೆ ಭಾಂಡುಪ್ ಎಲ್ಲಾ ನಿದ್ದಿ ಮಾಡ್ತೈತಿ. ಅದ ಹತ್ತಿ ಸಲುವಾಗಿ ನನ್ನ ಮಗಳ ಬಾಜೂಕ ಯಾರೂ ಕೂಡ್ರೂದಿಲ್ಲಂದ್ರ ಹೆಂಗ್ರಿ?"

"ಇದು ಹೌದು" ಎಂದಳು ಖತೀಜಾ.

ಈಗ ಅವಳ ಸರದಿ. ಆ ಪುಟ್ಟ ಹುಡುಗಿ ನನ್ನ ಹಾಗೆ ಸೊಂಟಕ್ಕೆ ಕೈಯಿಟ್ಟು ಮುಖ ಹುಳ್ಳಗೆ ಮಾಡಿದಾಗ ಟೀಚರೂ ನಕ್ಕರು. ಆದರೆ ಮಾತು ಶುರುವಾದ ಮೇಲೆ ಯಾರೂ ನಗಲಿಲ್ಲ. "ನನ್ನ ಮಗಳು ಸೀನ್ತಾಳ್ರಿ. ಆದ್ರ ಖರೇ ಮಾತು ಅದಲ್ಲ. ನಾ ಈ ಊರಿಗೆ ಒಬ್ನ ಬಂದೀನಿ. ನಮ್ಮ ಮಂದಿ ಎಲ್ಲಾ ಹಿಂದ ಉಳದಾರ. ಮಗಳು ಬ್ಯಾರೆಯವ್ರ ಜೋಡಿ ಬೆಳದು ನಮ್ಮ ಮಾತು, ನಮ್ಮ ರೀತಿ ಮರತ್ರ ನನಗ ಯಾರದಾರ? ಅದಕ್ಕ ಅಂಜಿಕಿ ಆಗ್ತೈತ್ರಿ. ನಾ ಕೆಟ್ಟಾಂವ ಅಲ್ಲ."

ಹೆಂಡತಿಗೂ ಹೇಳದ ಮಾತು ಅದು. ನನಗೇ ನಾನು ಹೇಳಿಕೊಂಡಿರಲಿಲ್ಲ. "ಇದು ನಿನಗ ಹೆಂಗ ಗೊತ್ತಾತವಾ?" ಎಂದೆ. ಅವಳು ಸಹಜವಾಗಿ, "ನಮ್ಮ ಅಬ್ಬಾನೂ ಮನ್ಯಾಗ ಹಿಂಗ ಅಂತಾನ್ರಿ" ಎಂದಳು.

ಬಾಂಬೆಯ ಎಂತೆಂಥ ದಲಾಲರನ್ನು ಕಂಡಿದ್ದೇನೆ, ಬೈಕುಲ್ಲಾದ ಸಗಟು ಮಾರುಕಟ್ಟೆಯಲ್ಲಿ ಮಾತಿನ ಮಲ್ಲರ ಎದುರು ನಿಂತಿದ್ದೇನೆ. ನನ್ನ ಪರ ಇಷ್ಟು ಚೆನ್ನಾಗಿ ಯಾರೂ ವಾದಿಸಿರಲಿಲ್ಲ, ನಾನೂ ಸೇರಿ. ಅದೂ ನನ್ನ ಮಾತು ಗೆದ್ದರೆ ಗೆಳತಿಯನ್ನು ಕಳೆದುಕೊಳ್ಳಬೇಕಾದವಳು! ಗೋಡೆಯ ಮೇಲೆ ನೀತಿಪಾಠದ ಒಂದು ಪಟವೂ ಇಲ್ಲದ ಆ ಕೋಣೆಯಲ್ಲಿ ಲೀಲಾ ಟೀಚರ್ ಇದನ್ನು ಹೇಗೆ ಕಲಿಸಿದರೋ, ನನಗೆ ಇಂದಿಗೂ ಬೆರಗು. "ತೀರ್ಮಾನ ಹೇಳಿ" ಎಂದರು ಅವರು. "ಇರ್ಲಿ ಬಿಡ್ರಿ, ಅಲ್ಲೇ ಕೂಡ್ರಲಿ" ಎಂದೆ. ಶಾರದಾ ಓಡಿಹೋಗಿ ಜಾಗ ಹಿಡಿದಳು. ಹಂಡೆಯನ್ನೂ ಕಳಿಸಿದೆ. ಮಕ್ಕಳನ್ನು ಶಾಲೆಗೆ ಹಾಕುವವರಿಗೆ ಈಗ ನನ್ನದು ಒಂದೇ ಸಲಹೆ: ಕಟ್ಟಡ ನೋಡಬೇಡಿ, ಅಲ್ಲಿ ಜಗಳ ಹೇಗೆ ಬಗೆಹರಿಯುತ್ತದೆ ನೋಡಿ.

ದೀಪಾವಳಿಯ ಮುಂಚೆ ಹುಸೇನಸಾಬರು ನಮ್ಮ ಗಾದಿ ಹಿಂಜಲು ಬಂದರು, ಜೊತೆಗೆ ಖತೀಜಾ. ಅವರು ಕೂಲಿ ಹೇಳಿದರು. ನಾನು ಅಭ್ಯಾಸಬಲದಿಂದ ಮುಖ ಹುಳ್ಳಗೆ ಮಾಡಿದೆ. ಇಬ್ಬರು ಹುಡುಗಿಯರೂ ಒಟ್ಟಿಗೆ, "ಎದುರು ಪಾರ್ಟಿ!" ಎಂದು ಕಿರುಚಿದರು. ಅಲ್ಲಿಂದ ಮುಂದೆ ನಾನು ಅವರ ಕೂಲಿ ಕಡಿಮೆಯಾಯಿತೆಂದೂ, ಅವರು ಸಂಸಾರಸ್ಥನಾದ ನನಗೆ ಅದು ಹೆಚ್ಚಾಯಿತೆಂದೂ ವಾದಿಸಿ ವಾದಿಸಿ, ಮೊದಲಿದ್ದಲ್ಲಿಗೇ ಬಂದು ನಿಂತೆವು. ಬಿಲ್ಲು ಮಿಡಿಯಿತು. ಚಾಳಿನ ಪಡಸಾಲೆಯ ತುಂಬ ಹತ್ತಿ ಹಾರಿತು. ಹುಡುಗಿಯರು ಅದರಲ್ಲೇ ಹೊರಳಾಡಿದರು. ಶಾರದಾ ಒಮ್ಮೆಯೂ ಸೀನಲಿಲ್ಲ.

ಸೀನಿದವನು ನಾನೊಬ್ಬನೇ. ನಿಲ್ಲಿಸಲಾಗದೆ, ಕಣ್ಣುಮೂಗು ಕೆಂಪಾಗಿ ಸೀನುತ್ತಿದ್ದಾಗ ಖತೀಜಾ ಮತ್ತೆ ನನ್ನ ವಕಾಲತ್ತು ವಹಿಸಿಕೊಂಡಳು: "ಅಬ್ಬಾ, ಕಾಕಾಗ ಹತ್ತಿ ಆಗಿಬರಂಗಿಲ್ಲ. ಅವರ್ನ ಬ್ಯಾರೆ ಕಡೆ ಕುಂಡ್ರಸು." ಶಾರದಾಳೇ ಸ್ಟೂಲು ಎತ್ತಿಕೊಂಡು ಹೋಗಿ ಪಡಸಾಲೆಯ ಆ ತುದಿಗೆ, ನೀರಿನ ನಲ್ಲಿಯ ಪಕ್ಕಕ್ಕೆ ಹಾಕಿದಳು. ನಾನು ಬೇಡಿಕೊಂಡಿದ್ದ ಬದಲಿ ಜಾಗ ಕಡೆಗೂ ಸಿಕ್ಕಿತು. ಅಲ್ಲಿ ಕೂತು ನಾನು ಸಂಜೆಯವರೆಗೂ ಸೀನಿದೆ.