ಜಪಾನಿನ ಕೋಟೆಯನ್ನು ನಮ್ಮ ಧಣಿ ಕೊಂಡದ್ದು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ರೂಢಿಯಿಲ್ಲ. ಇದುವರೆಗೆ ನಾನು ಬರೆದದ್ದೆಲ್ಲ ಲಾರಿ ನಂಬರು ಮತ್ತು ಅದರ ತೂಕ. ನಗು ಬರಬೇಕಾದ ಕಡೆ ಬರದಿದ್ದರೆ ತಪ್ಪು ನನ್ನದು, ನಡೆದ ಸಂಗತಿಯದಲ್ಲ. ಇಂಥವು ನನಗೆ ಆಗುತ್ತಲೇ ಇರುತ್ತವೆ. ಕಾರಣವೂ ಗೊತ್ತಿದೆ. "ನನಗೆ ಬರುವುದಿಲ್ಲ" ಎಂಬ ಮಾತು ನನ್ನ ಬಾಯಿಗೆ ಯಾವಾಗಲೂ ಸ್ವಲ್ಪ ತಡವಾಗಿ ಬರುತ್ತದೆ.

೧. ಐದನೆಯ ಭಾಷೆ

ನಾನು ಕಡ್ಡಿರಾಂಪುರದವನು. ಓದು ಮುಗಿದ ಮೇಲೆ ಎರಡು ವರ್ಷ ಹಂಪಿಯಲ್ಲಿ ಪ್ರವಾಸಿಗಳಿಗೆ ಪೋಸ್ಟ್‌ಕಾರ್ಡು ಮಾರುತ್ತಿದ್ದೆ. ಜಪಾನಿನವರು ಬಂದಾಗ ಕೂಗಲು ಐದಾರು ಮಾತು ಕಲಿತಿದ್ದೆ. "ಯಾಸುಯ್" ಎಂದರೆ ಅಗ್ಗ. "ತಕಾಯ್" ಎಂದರೆ ದುಬಾರಿ. "ಇಕುರಾ" ಎಂದರೆ ಎಷ್ಟು. "ತೊಮೊದಾಚಿ" ಎಂದರೆ ಗೆಳೆಯ. "ಚೊತ್ತೊ ಮತ್ತೆ" ಎಂದರೆ ಸ್ವಲ್ಪ ತಾಳಿ. ಇಷ್ಟೇ. ಇದರಲ್ಲಿ ಪೋಸ್ಟ್‌ಕಾರ್ಡು ಮಾರಬಹುದು, ಬೇರೆ ಏನೂ ಮಾಡಲಾಗುವುದಿಲ್ಲ.

ಆಮೇಲೆ ಅದಿರಿನ ಕಾಲ ಬಂತು. ಹೊಸಪೇಟೆಯಲ್ಲಿ ಯಾರನ್ನು ನೋಡಿದರೂ ಲಾರಿ, ಪ್ಲಾಟು, ಹಡಗು ಎಂದು ಮಾತಾಡುತ್ತಿದ್ದರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಒಬ್ಬರು ಗಿರಣಿಯನ್ನು ತಮ್ಮನಿಗೆ ಬಿಟ್ಟು ಸಂಡೂರಿನಲ್ಲಿ ಅದಿರಿನ ಪ್ಲಾಟು ಹಾಕಿದರು. ಪ್ಲಾಟು ಎಂದರೆ ಅದಿರನ್ನು ಗುಡ್ಡೆ ಹಾಕುವ ಬಯಲು. ಅಲ್ಲಿ ಲಾರಿ ತೂಗುವ ಕಟ್ಟೆಗೆ ಗುಮಾಸ್ತ ಬೇಕಿತ್ತು. ನಾನು ಹೋದೆ.

"ಎಷ್ಟ ಭಾಷೆ ಬರ್ತಾವಲೇ?" ಎಂದರು ಧಣಿ.

"ಕನ್ನಡ, ತೆಲುಗು, ಹಿಂದಿ, ಸ್ವಲ್ಪ ಇಂಗ್ಲಿಷ್ ಬರ್ತಾವ್ರಿ" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. "ಜಪಾನಿ" ಎಂದೂ ಸೇರಿಸಿದೆ.

ಕೆಲಸ ಸಿಕ್ಕಿತು. ಆ ಕೆಲಸ ನೋಡಿಯೇ ಚೋರನೂರಿನ ಮಾವ ಹೆಣ್ಣು ಕೊಟ್ಟರು. ಎರಡು ವರ್ಷ ಯಾರೂ ನನ್ನ ಜಪಾನಿ ಭಾಷೆಯ ತಂಟೆಗೆ ಬರಲಿಲ್ಲ. ಒಂದು ದಿನ ಧಣಿ ತೂಕದ ಕಟ್ಟೆಗೆ ತಾವೇ ಬಂದು, "ಅದಿರು ತಗೊಳ್ಳೋ ಮಂದಿ ಜಪಾನಿಗೆ ಕರದಾರ. ನೀನ ದುಭಾಷಿ. ಪಾಸ್‌ಪೋರ್ಟ್ ಮಾಡಸ" ಎಂದರು.

ನನ್ನ ಹೆದರಿಕೆಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಧಣಿ ಏನನ್ನಾದರೂ ಸಹಿಸುತ್ತಿದ್ದರು, ಸುಳ್ಳನ್ನು ಸಹಿಸುತ್ತಿರಲಿಲ್ಲ. ಪಂಕ್ಚರ್ ಆಗದೆ ಪಂಕ್ಚರ್ ಆಯಿತೆಂದ ಡ್ರೈವರನ್ನು ಅದೇ ದಿನ ಮನೆಗೆ ಕಳಿಸಿದವರು. ನನ್ನದು ಎರಡು ವರ್ಷದ ಪಂಕ್ಚರು.

ಹೆಂಡತಿಗೆ ಮಾತ್ರ ನಿಜ ಹೇಳಿದೆ. ಅವಳು, "ಅಲ್ಲಿ ಹೋಗಿ ಮೂಗರಂಗ ಇರ್ರಿ. ಗಂಟ್ಲು ಕಟ್ಟೈತಿ ಅನ್ರಿ" ಎಂದಳು.

೨. ದುಬಾರಿ

ಜಪಾನಿನಲ್ಲಿ ಮೊದಲ ಎರಡು ದಿನ ಬದುಕಿಕೊಂಡೆ. ಮಾತುಕತೆಗೆ ಅವರ ಕಡೆಯವಳೇ ಒಬ್ಬ ದುಭಾಷಿ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಧಣಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ನಾನು ಹೆಂಡತಿ ಹೇಳಿದಂತೆ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಕೆಮ್ಮುತ್ತಿದ್ದೆ.

ಮೂರನೆಯ ದಿನ ಅವಳಿಗೆ ರಜೆ. ಕಂಪನಿಯ ಹಿರಿಯರೊಬ್ಬರು, ಅರವತ್ತು ದಾಟಿದವರು, ಬಹಳ ಮರ್ಯಾದಸ್ಥರು, ನಮಗೆ ಹಳೆಯ ಕೋಟೆ ತೋರಿಸಲು ತಾವೇ ಬಂದರು. ಅವರಿಗೆ ಇಂಗ್ಲಿಷ್ ಬಾರದು. ನನ್ನ ಕಡೆ ಕೈ ತೋರಿಸಿ ಧಣಿಗೆ ನಕ್ಕು ತಲೆ ಬಾಗಿಸಿದರು. "ನಿಮ್ಮವರೇ ಇದ್ದಾರಲ್ಲ, ಇನ್ನೇನು" ಎಂದಿರಬೇಕು.

ಕೋಟೆಯನ್ನು ನೋಡಿ ನಾವಿಬ್ಬರೂ ನಿಂತೇ ಬಿಟ್ಟೆವು. ಕೋಟೆ ಎಂದರೆ ನಮ್ಮ ಕಡೆಯವರಿಗೆ ಕಲ್ಲು. ಇಲ್ಲಿ ತಳಪಾಯ ಮಾತ್ರ ಕಲ್ಲು. ಅದರ ಮೇಲೆ ಬೆಳ್ಳಗೆ ಐದಾರು ಅಂತಸ್ತು ಒಂದರ ಮೇಲೊಂದು ಕೂತಿವೆ, ಒಳಗೆಲ್ಲ ಮರ.

"ಕಟ್ಟಿಗಿ ಕೋಟಿ!" ಎಂದರು ಧಣಿ. "ಒಂದು ಕಡ್ಡಿ ಗೀರಿದ್ರ ಮುಗೀತಲ್ಲೋ! ಇಷ್ಟು ವರ್ಷ ಯಾರೂ ಗೀರಿಲ್ಲೇನು?"

ಹಿರಿಯರು ಮೇಲಿನ ಅಂತಸ್ತಿನ ಕಡೆ ಕೈ ತೋರಿಸಿ, "ತಕಾಯ್, ತಕಾಯ್" ಎಂದರು.

ನನಗೆ ಗೊತ್ತಿದ್ದ ಮಾತು! ಸಂತೋಷದಲ್ಲಿ ಮಫ್ಲರ್ ತೆಗೆದೇಬಿಟ್ಟೆ. "ಭಾಳ ದುಬಾರಿ ಅಂತಾರ್ರಿ" ಎಂದೆ. ತಕಾಯ್ ಎಂದರೆ ಎತ್ತರ ಎಂದೂ ಆಗುತ್ತದೆ ಎಂದು ಪೋಸ್ಟ್‌ಕಾರ್ಡು ಮಾರುವವನಿಗೆ ಹೇಗೆ ಗೊತ್ತಿರಬೇಕು?

ಧಣಿಯ ಕಣ್ಣು ಅಗಲವಾದವು. "ಅಂದ್ರ ಮಾರಾಕ ಇಟ್ಟಾರೇನು?"

೩. ಆರು

ಆ ವರ್ಷಗಳು ಹಾಗಿದ್ದವು ಎಂಬುದನ್ನು ನೆನಪಿಡಬೇಕು. ನಿನ್ನೆ ಎತ್ತಿನ ಗಾಡಿ ಇದ್ದವರ ಮನೆ ಮುಂದೆ ಇವತ್ತು ಮೂರು ಕಾರು ನಿಲ್ಲುತ್ತಿದ್ದವು. ಮಾರಾಟಕ್ಕಿಲ್ಲದ ವಸ್ತು ಇದೆ ಎಂದರೆ ಯಾರೂ ನಂಬುತ್ತಿರಲಿಲ್ಲ.

"ಕೇಳಲೇ, ಎಷ್ಟಂತ" ಎಂದರು ಧಣಿ.

ನಾನು ಕೋಟೆಯ ಕಡೆ ಕೈ ಮಾಡಿ, "ಇಕುರಾ?" ಎಂದೆ. ಹಿರಿಯರು ಟಿಕೆಟಿನ ಬೆಲೆ ಕೇಳುತ್ತಿದ್ದಾನೆ ಎಂದುಕೊಂಡರು. ಮುಜುಗರದಿಂದ ಆರು ಬೆರಳು ತೋರಿಸಿ, ತಾನೇ ಕೊಟ್ಟಾಗಿದೆ, ಚಿಂತೆ ಬೇಡ ಎಂಬಂತೆ ಕೈ ಆಡಿಸಿದರು.

"ಆರು ಕೋಟಿ!" ಎಂದರು ಧಣಿ. "ಹೊಸಪೇಟ್ಯಾಗ ಈಗ ಒಂದು ಲಾಡ್ಜ್ ಬರಂಗಿಲ್ಲಲೇ ಇಷ್ಟಕ್ಕ! ಆತು ಅನ್ನು!" ಎಂದು ಹಿರಿಯರ ಕೈ ಹಿಡಿದು ಜೋರಾಗಿ ಕುಲುಕಿದರು.

ಹಿರಿಯರು ಕೃತಜ್ಞತೆಯಿಂದ ಸೊಂಟದ ತನಕ ಬಾಗಿ, "ಅರಿಗಾತೋ" ಎಂದರು.

ಧಣಿ ಬೆಚ್ಚಿಬಿದ್ದರು. "ಲೇ! ಕನ್ನಡ ಮಾತಾಡ್ತಾನ! ಆರಿಗಾತೋ ಅಂತಾನ!" ಆಮೇಲೆ ಹಿರಿಯರ ಕಿವಿಯ ಹತ್ತಿರ ಹೋಗಿ, ಕಿವುಡರಿಗೆ ಹೇಳುವಂತೆ, "ಆರಕ್ಕ ಆತ್ರಿ! ಆರಕ್ಕ ಆತು!" ಎಂದು ಕೂಗಿದರು.

ಹಿರಿಯರ ಆರು ಬೆರಳು ಎಂದರೆ ಟಿಕೆಟ್ ಬೋರ್ಡಿನ ಮೇಲಿದ್ದ ೬೦೦ ಎಂದು ಆಗ ನನಗೆ ಹೊಳೆಯಿತು. ಅಲ್ಲಿಯೇ ನಿಜ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಧಣಿ, ಕಂಪನಿಯವರು ಮೂರು ದಿನಕ್ಕೆಂದು ಕೊಟ್ಟಿದ್ದ ಫೋನು ತೆಗೆದು ಹೊಸಪೇಟೆಯ ಮನೆಗೆ ಹಚ್ಚಿದ್ದರು. ನಮ್ಮ ಕಡೆ ಕೋಟೆಗೂ ಕೋಟಿ ಎನ್ನುತ್ತಾರೆ, ನೂರು ಲಕ್ಷಕ್ಕೂ ಕೋಟಿ ಎನ್ನುತ್ತಾರೆ. ಇದು ಮುಂದೆ ಬೇಕಾಗುತ್ತದೆ, ಅದಕ್ಕೆ ಈಗಲೇ ಹೇಳಿದೆ. ಧಣಿ ಅಮ್ಮಾವರಿಗೆ, ಅಂದರೆ ತಮ್ಮ ಹೆಂಡತಿಗೆ, ಹೇಳಿದ್ದು ಇಷ್ಟು: "ಆರು ಕೋಟಿಗೆ ಕೋಟಿ ತಗೊಂಡೆ!" ಲೈನು ಗೊರಗೊರ ಎಂದು ಕಡಿದುಹೋಯಿತು.

೪. ಹತ್ತೋ ಮತ್ತ

ಬಾಗಿಲಲ್ಲಿ ಎಲ್ಲರೂ ಬೂಟು ಕಳಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಹಂಪಿಯ ಗುಡಿಗಳ ಹೊರಗೆ ಚಪ್ಪಲಿ ಬಿಟ್ಟು ಬೆಳೆದವರಿಗೆ ಇದೊಂದು ಆಘಾತ.

"ಕೆರಾ ಕೈಯಾಗ ಹಿಡ್ಕೊಂಡು ಒಳಗ ಹೋಗೋದಾ? ಮೊದಲ ಈ ಪದ್ಧತಿ ತೆಗೀಬೇಕು" ಎಂದರು ಧಣಿ, ಯಜಮಾನರ ಗತ್ತಿನಲ್ಲಿ.

ಮೊದಲ ಅಂತಸ್ತೇ ಮ್ಯೂಸಿಯಂ. ಗಾಜಿನೊಳಗೆ ಕತ್ತಿ, ಭರ್ಜಿ, ಕಬ್ಬಿಣದ ಅಂಗಿ. ಒಂದು ಕಬ್ಬಿಣದ ಮುಖವಾಡಕ್ಕೆ ಮೀಸೆ ಬೇರೆ ಇತ್ತು. ಧಣಿ ಅದರ ಮುಂದೆ ನಿಂತು, "ಇದು ಸಂಡೂರು ಪ್ಲಾಟಿನ ಗೇಟಿಗೆ. ಈಗಿರೋ ವಾಚ್‌ಮನ್ ನಿದ್ದಿ ಮಾಡ್ತಾನ, ಇವ ಕಣ್ಣು ಮುಚ್ಚಂಗಿಲ್ಲ" ಎಂದರು. ನಾನು "ಹೂಂ ರೀ" ಎಂದೆ. ಬೇರೆ ಏನು ಹೇಳಲಿ?

ಮೇಲಕ್ಕೆ ಹೋಗುವ ಮೆಟ್ಟಿಲನ್ನು ಏಣಿ ಎಂದರೆ ಸರಿ. ಅಷ್ಟು ಕಡಿದು. ಧಣಿ ದಪ್ಪ ಆಳು. ಅವರು ತೂಗಾಡುವುದನ್ನು ನೋಡಿ ಕೆಳಗಿನಿಂದ ಹಿರಿಯರು ಗಾಬರಿಯಲ್ಲಿ, "ಚೊತ್ತೊ ಮತ್ತೆ! ಚೊತ್ತೊ ಮತ್ತೆ!" ಎಂದು ಕೂಗಿದರು.

"ಹತ್ತೋ ಮತ್ತ ಅಂತಾನಲೇ!" ಎಂದರು ಧಣಿ. "ಹತ್ತಾಕತ್ತೀನಿ ಮಾರಾಯ!" ಅವರು ಕೂಗಿದಷ್ಟೂ ಇವರು ಹತ್ತಿದರು. ತುದಿಯ ಅಂತಸ್ತು ಮುಟ್ಟಿದಾಗ ಧಣಿಗೆ ಉಸಿರಿರಲಿಲ್ಲ. "ಎಷ್ಟು ಅವಸರದ ಮನಷ್ಯಾ ಇವ" ಎಂದು ಕುಸಿದು ಕೂತರು.

೫. ಸಂಡೂರು ಮಣ್ಣು

ಆಗ ಮೆಟ್ಟಿಲ ಬಾಯಲ್ಲಿ ಕಾವಲುಗಾರನ ಟೊಪ್ಪಿಗೆ ಕಾಣಿಸಿತು, ಆಮೇಲೆ ಮುಖ. ಅವನು ನಮ್ಮನ್ನು ನೋಡುತ್ತಿರಲಿಲ್ಲ, ನೆಲವನ್ನು ನೋಡುತ್ತಿದ್ದ. ನಾನೂ ನೋಡಿದೆ.

ಧಣಿ ತಂದದ್ದು ಪ್ಲಾಟಿನಲ್ಲಿ ಹಾಕುವ ಬೂಟೇ. ಸಂಡೂರಿನ ಕೆಂಪು ಧೂಳು ಅದರ ಹೊಲಿಗೆ ಹೊಲಿಗೆಯಲ್ಲೂ ಇತ್ತು. ಹಿಮ್ಮಡಿಯ ಮೊಳೆ ತಾಗಿ ಚೀಲ ಹರಿದಿತ್ತು. ನೂರಾರು ವರ್ಷದಿಂದ ಒರೆಸಿ ಒರೆಸಿ ಕನ್ನಡಿಯಂತಾದ ಮರದ ನೆಲದ ಮೇಲೆ, ಮ್ಯೂಸಿಯಮ್ಮಿನಿಂದ ಧಣಿಯ ಮೊಣಕಾಲಿನ ತನಕ ಒಂದು ಕೆಂಪು ಗೆರೆ.

ಕಾವಲುಗಾರ ನಡುಗುವ ದನಿಯಲ್ಲಿ ಬಹಳ ಹೊತ್ತು ಮಾತಾಡಿದ.

"ಏನಂತಾನಲೇ?"

ನನ್ನ ನಾಲಿಗೆ ತಾನಾಗಿಯೇ ಹೊರಳಿತು. "ಮಣ್ಣು ಭಾಳ ಚಲೋ ಐತಂತ್ರಿ."

ಧಣಿಯ ಮುಖ ಅರಳಿತು. "ನೋಡಿದ್ಯಾ! ಕಾವಲುಗಾರಗೂ ಗೊತ್ತಾಗ್ತೈತಿ! ಸಂಡೂರು ಮಣ್ಣಪ್ಪಾ, ತಗೋ, ಇನ್ನಷ್ಟ ತಗೋ" ಎನ್ನುತ್ತಾ ಬೂಟನ್ನು ಅವನ ಬಿಳಿ ಕೈಗವಸಿನ ಮೇಲೆ ಕವುಚಿ, ಹಿಂದಿನಿಂದ ಎರಡು ಪೆಟ್ಟು ತಟ್ಟಿದರು.

ಕಾವಲುಗಾರ ತನ್ನ ಅಂಗೈಯನ್ನೇ ನೋಡುತ್ತಾ ನಿಂತ. ಹಿರಿಯರು ಮೇಲೆ ಬಂದರು, ನೋಡಿದರು, ಕಾವಲುಗಾರನಿಗೆ ನಾಲ್ಕು ಸಲ ಬಾಗಿದರು. ಆಮೇಲೆ ಮಂಡಿಯೂರಿ ತಮ್ಮ ಕರವಸ್ತ್ರದಿಂದ ನೆಲ ಒರೆಸತೊಡಗಿದರು.

"ಯಾಕಲೇ ಅಳುಮುಖ ಮಾಡ್ಯಾನ? ಮಾರಿದ ಸಂಕಟ ಏನು?" ಎಂದರು ಧಣಿ.

ಆ ಹಿರಿಯರ ನರೆತ ತಲೆ ನೆಲಕ್ಕೆ ಬಾಗಿದ್ದನ್ನು ನೋಡಿ ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ. ಪೋಸ್ಟ್‌ಕಾರ್ಡು, ತಕಾಯ್, ಟಿಕೆಟು, ಮಣ್ಣು, ಎಲ್ಲ. ಧಣಿ ಹೆಗಲ ಮೇಲಿನ ಜರಿ ಶಲ್ಯ ತೆಗೆದು ತಾವೂ ಮಂಡಿಯೂರಿದರು. ಅದಿರು ಕೊಳ್ಳುವವರು, ಮಾರುವವರು, ತೂಗುವವನು, ಮೂವರೂ ಸಾಲಾಗಿ ಒರೆಸುತ್ತಾ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದೆವು. ಮೀಸೆಯ ಮುಖವಾಡದ ಹತ್ತಿರ ಬಂದಾಗ ಧಣಿ ತಲೆ ಎತ್ತಿ ಅದನ್ನು ನೋಡಲಿಲ್ಲ.

೬. ಉಳಿದ ಐದು

ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ಧಣಿ ಮೆಲ್ಲಗೆ, "ಹೊಸಪೇಟಿಗೆ ಇಳಿದ ಮ್ಯಾಲ ಕೆಲಸಕ್ಕ ಬರಬ್ಯಾಡ" ಎಂದರು. "ಆಗಲಿ ರೀ" ಎಂದೆ. ಮಾವನ ಮುಖ ಕಣ್ಣ ಮುಂದೆ ಬಂತು.

ಫೋನು ಹೊಡೆದುಕೊಂಡಿತು. ಅಮ್ಮಾವರ ದನಿ ನನಗೂ ಕೇಳುವಷ್ಟು ಜೋರಿತ್ತು.

"ಏನ್ರೀ! ಓಣಿಗೆಲ್ಲಾ ಪೇಡೆ ಹಂಚೀನಿ! ಒಂದಲ್ಲ ಎರಡಲ್ಲ, ಆರು ಕೋಟಿ ತಗೊಂಡೀರಿ! ಕಂಪ್ಲಿಯಿಂದ ನಮ್ಮಣ್ಣ ಓಡಿ ಬಂದಾನ. ಆರರಾಗ ಒಂದು ಕೋಟಿ ಅವನ ಹೆಸರಿಗೆ ಮಾಡ್ರಿ, ಪಾಪ!"

ಧಣಿ ಫೋನಿನ ಬಾಯಿ ಮುಚ್ಚಿ ನನ್ನನ್ನು ನೋಡಿದರು. ಸುಳ್ಳನ್ನು ಸಹಿಸದ ಮನುಷ್ಯ. ಹಣೆಯ ವಿಭೂತಿ ಬೆವರಲ್ಲಿ ಇಳಿಯುತ್ತಿತ್ತು. ಓಣಿಗೆಲ್ಲ ಪೇಡೆ ಹಂಚಿಯಾಗಿದೆ. ಕೈ ತೆಗೆದು ನಿಧಾನವಾಗಿ ಹೇಳಿದರು:

"ಕಾಗದಪತ್ರ ಆಗಾಕ ಭಾಳ ದಿನ ಹಿಡೀತೈತಿ. ಎಲ್ಲಾ ಜಪಾನಿ ಭಾಷೆದಾಗ ಅದಾವು. ನಮ್ಮ ತೂಕದ ಹುಡುಗನೇ ನೋಡ್ಕೋಬೇಕು. ಅವನ್ನ ಬಿಟ್ರ ಯಾರಿಗೂ ಬರಂಗಿಲ್ಲ."

ಕೆಲಸ ಉಳಿಯಿತು. ಅಂದಿನಿಂದ ಪ್ಲಾಟಿನಲ್ಲಿ ನನ್ನ ಹೆಸರೇ ಜಪಾನಿ. ಅಮ್ಮಾವರು ಆಫೀಸಿಗೆ ಬಂದಾಗಲೆಲ್ಲ ಕಾಗದಪತ್ರ ಎಲ್ಲಿಗೆ ಬಂತೆಂದು ನನ್ನನ್ನೇ ಕೇಳುತ್ತಾರೆ, ಧಣಿ ಅಷ್ಟು ಹೊತ್ತು ಕಿಟಕಿಯಿಂದ ಲಾರಿ ನೋಡುತ್ತಾರೆ. ಇದನ್ನು ಒಂದು ಸಲ ಸರಿಯಾಗಿ ಬರೆದಿಟ್ಟು ಅಮ್ಮಾವರ ಕೈಗೆ ಕೊಟ್ಟುಬಿಡೋಣ ಎಂದೇ ಬರೆಯಲು ಕೂತದ್ದು. ಮುಖ್ಯವಾಗಿ ಅವರಿಗೆ ತಿಳಿಯಬೇಕಾದದ್ದು ಅರಿಗಾತೋ ಎಂಬ ಮಾತು. ಅದರಲ್ಲಿ ಆರೂ ಇಲ್ಲ, ಆಯಿತೂ ಇಲ್ಲ. ಅದರ ನಿಜವಾದ ಅರ್ಥ ಏನೆಂದರೆ, ಮೊದಲು ನಾವು

"ಜಪಾನೀ! ಬಾರೋ ಇಲ್ಲೆ ಜಲ್ದಿ! ನಮ್ಮಣ್ಣ ವಾಸ್ತುದವ್ರನ್ನ ಕರಕೊಂಡು ಬಂದಾನ. ಅವನ ಪಾಲಿನ ಕೋಟಿ ಬಾಗಿಲು ಯಾವ ದಿಕ್ಕಿಗೈತಿ ಹೇಳು ಬಾ!"

ಕ್ಷಮಿಸಿ, ಅಮ್ಮಾವರು ಕರೆಯುತ್ತಿದ್ದಾರೆ. ಅರಿಗಾತೋ ಎಂದರೆ